ಬಾವಿ ನೀರಿನಲ್ಲಿ ಅಮೆಜಾನ್ ಮೀನು: ಕರಾವಳಿಯ ಮನೆಯಲ್ಲಿ ಡ್ವಾರ್ಫ್ ಸಿಕ್ಲಿಡ್ ಸಾಕಿ ಮರಿ ಮಾಡಿಸುವ ಬಗೆ

ಡ್ವಾರ್ಫ್ ಸಿಕ್ಲಿಡ್ ಅಂದರೆ ಸಿಕ್ಲಿಡ್ ಕುಟುಂಬದ ಪುಟಾಣಿ ಮೀನುಗಳು. ಬೆಂಗಳೂರಿನಲ್ಲಿ ಅವುಗಳಲ್ಲೊಂದಾದ ಅಪಿಸ್ಟೋಗ್ರಾಮಾ (ಚುಟುಕಾಗಿ ಅಪಿಸ್ಟೋ) ಸಾಕಲು ಹೊರಟವರು ಎಷ್ಟೋ ಸಲ ಮೀನಿಗಿಂತ ಮೊದಲು ಆರ್‌ಒ ಯಂತ್ರದ ಬೆಲೆ ವಿಚಾರಿಸಬೇಕಾಗುತ್ತದೆ. ಅಲ್ಲಿನ ಬೋರ್‌ವೆಲ್ ನೀರು ಅಷ್ಟು ಗಡಸು. ಮಂಗಳೂರು, ಉಡುಪಿ ಕಡೆಯವರಿಗೆ ಆ ಖರ್ಚು ಬೀಳುವುದು ಕಡಿಮೆ. ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರು ಹೆಚ್ಚಿನ ಕಡೆ ಮೆದು, ಸ್ವಲ್ಪ ಆಮ್ಲೀಯ. ಅಮೆಜಾನ್, ಒರಿನೋಕೊ ಕಡೆಯ ಈ ಪುಟ್ಟ ಮೀನುಗಳು ಕೇಳುವುದೂ ಅದನ್ನೇ.

ನಮಗೆ ಕಾಟ ಕೊಡುವುದು ಸೆಕೆ. ಏಪ್ರಿಲ್-ಮೇ ತಿಂಗಳಲ್ಲಿ ಟ್ಯಾಂಕಿನ ನೀರು 31, 32 ಡಿಗ್ರಿ ತನಕ ಏರುತ್ತದೆ. ಮೀನು ಹೇಗೋ ಬದುಕಿಕೊಳ್ಳಬಹುದು, ಆದರೆ ಮರಿ ಮಾಡಿಸುವ ಹೊತ್ತು ಅದಲ್ಲ. ಹಾಗಾಗಿ ನನ್ನ ಲೆಕ್ಕ ಇಷ್ಟೇ: ಬೇಸಿಗೆಯಲ್ಲಿ ಟ್ಯಾಂಕ್ ತಯಾರು ಮಾಡಿ, ಮಳೆ ಹಿಡಿದ ಮೇಲೆ ಮೀನು ತನ್ನಿ, ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಮೊಟ್ಟೆಗೆ ಕಾಯಿರಿ. ಮುಂದೆ ಹೇಳುವುದೆಲ್ಲ ಈ ಲೆಕ್ಕಕ್ಕೆ ಹೊಂದಿಕೊಂಡೇ ಇದೆ.

ಯಾವ ಮೀನಿನಿಂದ ಶುರು ಮಾಡುವುದು?

ಸಿಕ್ಲಿಡ್ ಕುಟುಂಬ ನಮಗೆ ಹೊಸದೇನಲ್ಲ. ಕೇರಳದವರ ಕರಿಮೀನ್ ಸಿಕ್ಲಿಡ್ಡೇ. ಕೆನರಾದ ಹೆಸರನ್ನೇ ಹೊತ್ತ ಎಟ್ರೋಪ್ಲಸ್ ಕೆನರೆನ್ಸಿಸ್ ನಮ್ಮ ನೇತ್ರಾವತಿ, ಕುಮಾರಧಾರಾ ಕಡೆಯ ಮೀನು. ಅದನ್ನು 1877ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಫ್ರಾನ್ಸಿಸ್ ಡೇ. ಮರಿಗಳನ್ನು ಕಾಯುವ ಗುಣ ಈ ಇಡೀ ಕುಟುಂಬದ್ದು. ದಕ್ಷಿಣ ಅಮೆರಿಕದ ಪುಟಾಣಿಗಳಲ್ಲಿ ಅದನ್ನು ಎರಡು ಅಡಿ ಗಾಜಿನ ಹಿಂದೆ ಕೂತು ನೋಡಬಹುದು ಅನ್ನುವುದೇ ವಿಶೇಷ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ರಾಮ್, ಅಂದರೆ ಮೈಕ್ರೋಜಿಯೋಫ್ಯಾಗಸ್ ರಾಮಿರೆಜಿ. ನೀಲಿ ಚುಕ್ಕಿ, ಹಳದಿ ಮೈ, ಕೆಂಪು ಕಣ್ಣು. ಯಾರಿಗಾದರೂ ಆಸೆ ಆಗುತ್ತದೆ. ಆದರೂ ಮೊದಲ ಮೀನಾಗಿ ಬೇಡ. ಮೊದಲು ಸಾಕಬೇಕಾದದ್ದು ಅಪಿಸ್ಟೋಗ್ರಾಮಾ ಕಾಕಟುವಾಯಿಡಿಸ್. ಗಂಡಿನ ಬೆನ್ನಿನ ರೆಕ್ಕೆಯ ಮುಂದಿನ ಕಡ್ಡಿಗಳು ಕಾಕಟೂ ಹಕ್ಕಿಯ ಜುಟ್ಟಿನ ಹಾಗೆ ಎದ್ದಿರುವುದರಿಂದ ಆ ಹೆಸರು. ಗಂಡು ಸುಮಾರು 8 ಸೆಂಟಿಮೀಟರ್, ಹೆಣ್ಣು 5. ನೀರು ಎಷ್ಟು ಆಮ್ಲೀಯ ಅಂತ ತೋರಿಸುವ ಪಿಎಚ್ (7ಕ್ಕಿಂತ ಕೆಳಗಿದ್ದರೆ ಆಮ್ಲೀಯ) 6ರಿಂದ 7.5ರ ತನಕ ಎಲ್ಲಿದ್ದರೂ ಹೊಂದಿಕೊಳ್ಳುತ್ತದೆ, ಗುಹೆ ಸಿಕ್ಕಿದರೆ ಮೊಟ್ಟೆ ಇಡುತ್ತದೆ. ಈ ಕಾಕಟೂ ಕೈಗೆ ಹತ್ತಿದ ಮೇಲೆ ಅಪಿಸ್ಟೋದ ಇನ್ನೊಂದು ಜಾತಿ ಅಗಾಸಿಜಿಗೆ ಹೋಗಿ. ಬೊರೆಲಿ ಅನ್ನುವ ಜಾತಿಯನ್ನು ನಮ್ಮಲ್ಲಿ ಬಿಟ್ಟುಬಿಡುವುದೇ ವಾಸಿ. ಪರಾಗ್ವೆ ಕಡೆಯ ಆ ಮೀನಿಗೆ ತಂಪು ಬೇಕು, ಮೇ ತಿಂಗಳ ಮಂಗಳೂರು ಅದಕ್ಕೆ ಶಿಕ್ಷೆ.

ನೀರು: ಅಳೆದ ಮೇಲೆ ಮಾತು

ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಪೆನ್, ಒಂದು ದ್ರವದ ಪಿಎಚ್ ಟೆಸ್ಟ್ ಕಿಟ್ ತನ್ನಿ. ಕಾಗದದ ಪಟ್ಟಿಗಳು ಮೆದು ನೀರಿನಲ್ಲಿ ಸರಿಯಾಗಿ ತೋರಿಸುವುದಿಲ್ಲ. ಮುರಕಲ್ಲಿನ ಬಾವಿಯಲ್ಲಿ ಟಿಡಿಎಸ್ 100ಕ್ಕಿಂತ ಕೆಳಗೆ, ಪಿಎಚ್ 6ರ ಆಸುಪಾಸು ಬಂದರೆ ಆಶ್ಚರ್ಯಪಡಬೇಡಿ. ಅಷ್ಟಿದ್ದರೆ ಕಾಕಟೂಗೆ ಏನೂ ಸೇರಿಸಬೇಕಾಗಿಲ್ಲ, ಏನೂ ತೆಗೆಯಬೇಕಾಗಿಲ್ಲ.

ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಅಳೆದು ನಿರ್ಧಾರಕ್ಕೆ ಬರಬೇಡಿ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಕರಗಿರುತ್ತದೆ, ಅದು ಪಿಎಚ್ ಅನ್ನು ಕೆಳಗೆ ಎಳೆದು ತೋರಿಸುತ್ತದೆ. ಒಂದು ಬಕೆಟ್ ನೀರಿಗೆ ಏರ್ ಸ್ಟೋನ್ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಅಳೆಯಿರಿ. ಆಗ ಬರುವುದೇ ನಿಜವಾದ ಲೆಕ್ಕ. ಕಬ್ಬಿಣ ಜಾಸ್ತಿ ಇರುವ ಬಾವಿಯಾದರೆ ಅಷ್ಟರಲ್ಲಿ ಬಕೆಟ್ಟಿನ ತಳದಲ್ಲಿ ಕೆಂಪು ಕೆಸರು ಕೂತಿರುತ್ತದೆ. ಮೇಲಿನ ತಿಳಿ ನೀರನ್ನಷ್ಟೇ ಬಳಸಿ.

ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿ ನೀರಾಗಲಿ, ಉಡುಪಿಗೆ ಬಜೆಯಿಂದ ಬರುವ ಸ್ವರ್ಣಾ ನೀರಾಗಲಿ ಈ ಮೀನಿಗೆ ಆಗುತ್ತದೆ, ಕ್ಲೋರಿನ್ ತೆಗೆದರೆ ಸಾಕು. ಅಂಗಡಿಯ ಆಂಟಿ ಕ್ಲೋರಿನ್ ಹಾಕಿ, ಜೊತೆಗೆ ಒಂದು ದಿನ ಗಾಳಿ ಕೊಡಿ. ಬಾವಿ ಇರುವವರು ಇಲ್ಲಿ ಮೈಮರೆಯುವುದುಂಟು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ವಾ? ಅದೂ ಕ್ಲೋರಿನ್ನೇ. ಮನೆಯಲ್ಲಿ ಯಾರು ಯಾವಾಗ ಹಾಕಿದರು ಅಂತ ಕೇಳಿಕೊಂಡೇ ನೀರು ಬದಲಿಸಿ.

ಇನ್ನೂ ದೊಡ್ಡ ಅಪಾಯ ಮೇ ತಿಂಗಳ ಟ್ಯಾಂಕರ್. ಬಾವಿ ಬತ್ತಿರುತ್ತದೆ, ಹೊಳೆ ಬದಿಯ ಬಾವಿಯಾದರೆ ಉಪ್ಪಾಗಿರುತ್ತದೆ. ಟ್ಯಾಂಕರಿನಲ್ಲಿ ಬಂದದ್ದು ಎಲ್ಲಿಯ ಬೋರ್‌ವೆಲ್ ನೀರೋ ಗೊತ್ತಿಲ್ಲ. ಅದು ಮೀನನ್ನು ಹೇಗೆ ಕೊಲ್ಲುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೀನಿನ ಹೇಲು, ಉಳಿದ ಊಟ ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಈ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ. ಆದರೂ ಮೀನು ಆರಾಮಾಗಿರುತ್ತದೆ, ಯಾಕೆಂದರೆ ಆಮ್ಲೀಯ ನೀರಿನಲ್ಲಿ ಹೆಚ್ಚಿನ ಅಮೋನಿಯಾ ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಅಂಥ ಟ್ಯಾಂಕಿಗೆ ಪಿಎಚ್ 8ರ ಟ್ಯಾಂಕರ್ ನೀರು ಅರ್ಧಕ್ಕರ್ಧ ಸುರಿದರೆ ಅದೇ ಅಮೋನಿಯಂ ಮತ್ತೆ ವಿಷಕ್ಕೆ ತಿರುಗುತ್ತದೆ. ಬೆಳಿಗ್ಗೆ ನೀರು ಬದಲಿಸಿ ಸಂಜೆ ಮೀನು ತೇಲಿದರೆ ಜನ ರೋಗ ಅಂದುಕೊಳ್ಳುತ್ತಾರೆ. ಹಾಗಾಗಿ ಏಪ್ರಿಲ್‌ನಲ್ಲೇ ಒಂದೆರಡು ಡ್ರಮ್ ಬಾವಿ ನೀರು ತುಂಬಿಸಿ, ಸೊಳ್ಳೆ ಹೋಗದ ಹಾಗೆ ಮುಚ್ಚಿಡಿ. ಅದೂ ಇಲ್ಲದಿದ್ದರೆ ಟ್ಯಾಂಕರ್ ನೀರನ್ನು ದಿನಕ್ಕೆ ಒಂದು ಮಗ್ಗಿನಂತೆ ಹಾಕುತ್ತಾ ಬನ್ನಿ.

ಟ್ಯಾಂಕ್ ಕೂರಿಸುವುದು

ಒಂದು ಜೋಡಿಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಸಾಕು. ಲೆಕ್ಕಕ್ಕೆ 54 ಲೀಟರ್, ಮರಳು ಹಾಕಿದ ಮೇಲೆ 45ರ ಹತ್ತಿರ. ಒಂದು ಗಂಡಿಗೆ ಎರಡು ಹೆಣ್ಣು ಬೇಕೆಂದರೆ ಮೂರು ಅಡಿ ಉದ್ದ ಬೇಕು. ಎತ್ತರಕ್ಕೆ ದುಡ್ಡು ಹಾಕಬೇಡಿ. ಈ ಮೀನುಗಳು ಬದುಕುವುದು, ಜಗಳ ಮಾಡುವುದು ಎಲ್ಲ ತಳದಲ್ಲೇ. ತುಂಬಿದ ಟ್ಯಾಂಕ್ 70 ಕಿಲೋ ಮೇಲೆ ತೂಗುತ್ತದೆ, ಟಿವಿ ಶೋಕೇಸ್ ತಡೆಯುವುದಿಲ್ಲ. ಪಶ್ಚಿಮದ ಕಿಟಕಿಯ ಬಿಸಿಲು ಬೀಳದ ಗೋಡೆ ಹುಡುಕಿ.

ತಳಕ್ಕೆ ಎರಡು ಬೆರಳು ದಪ್ಪ ನುಣ್ಣನೆಯ ಮರಳು. ಅಪಿಸ್ಟೋ ಮರಳನ್ನು ಬಾಯಲ್ಲಿ ತುಂಬಿಕೊಂಡು, ಆಹಾರ ಸೋಸಿ, ಕಿವಿರಿನಿಂದ ಹೊರಗೆ ಬಿಡುತ್ತದೆ. ಬಣ್ಣದ ಜಲ್ಲಿ ಹಾಕಿದರೆ ಆ ಸುಖ ಅದಕ್ಕೂ ಇಲ್ಲ, ನೋಡುವ ನಿಮಗೂ ಇಲ್ಲ. ಮರಳು ಎಲ್ಲಿಂದ ಬಂತು ಅಂತ ಮಾತ್ರ ನೋಡಿ. ಸಮುದ್ರದ್ದು, ಅಳಿವೆ ಹತ್ತಿರದ್ದು ಬೇಡವೇ ಬೇಡ. ಅದರಲ್ಲಿ ಮರುವಾಯಿ ಚಿಪ್ಪಿನ ಚೂರುಗಳಿರುತ್ತವೆ, ಸುಣ್ಣ ಕರಗಿ ನೀರು ಗಡಸಾಗುತ್ತದೆ. ಮೇಲಿನ ಹೊಳೆಯ ಮರಳಾದರೂ ಒಂದು ಹಿಡಿ ಲೋಟಕ್ಕೆ ಹಾಕಿ ವಿನೆಗರ್ ಬಿಟ್ಟು ನೋಡಿ. ನೊರೆ ಎದ್ದರೆ ಆ ಮರಳು ಕಟ್ಟಡಕ್ಕೆ.

ಫಿಲ್ಟರ್ ಅಂದರೆ ಸ್ಪಾಂಜ್ ಫಿಲ್ಟರ್, ಸಾದಾ ಏರ್ ಪಂಪಿನಿಂದ ಓಡುವುದು. ಮೋಟರ್ ಫಿಲ್ಟರ್ ಮರಿಗಳನ್ನು ಎಳೆದುಕೊಂಡುಬಿಡುತ್ತದೆ. ಮಳೆಗಾಲದಲ್ಲಿ ಗಾಳಿ ಬೀಸಿದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ, ಹಾಗಾಗಿ ಪಂಪನ್ನು ಇನ್ವರ್ಟರ್ ಲೈನಿಗೆ ಕೊಡಿ, ಇಲ್ಲವೇ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಜುಲೈ ರಾತ್ರಿಗಳಿಗೆ 50 ವ್ಯಾಟಿನ ಹೀಟರ್ ಇದ್ದರೆ ಒಳ್ಳೆಯದು, 26ಕ್ಕೆ ಇಟ್ಟರೆ ಸಾಕು.

ಇನ್ನು ಎಲೆ. ಬಾದಾಮಿ ಮರದ ಉದುರಿದ ಒಣ ಎಲೆಗಳು ನಮ್ಮಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತವೆ, ಆನ್‌ಲೈನ್‌ನಲ್ಲಿ ಅದಕ್ಕೆ ದುಡ್ಡು ಕೊಡುವವರನ್ನು ಕಂಡರೆ ನಗು ಬರುತ್ತದೆ. ವಾಹನದ ಹೊಗೆ ತಿನ್ನದ, ಔಷಧಿ ಹೊಡೆಯದ ಕಡೆಯಿಂದ ಆರಿಸಿ. ಹಸಿರು ಎಲೆ ಬೇಡ. ತೊಳೆದು 25 ಲೀಟರಿಗೆ ಒಂದೆರಡರಂತೆ ಹಾಕಿ, ಎರಡು ಮೂರು ದಿನದಲ್ಲಿ ಮುಳುಗುತ್ತವೆ. ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ, ಅದು ಕೊಳಕಲ್ಲ. ಈ ಮೀನುಗಳ ಊರಿನ ಎಷ್ಟೋ ತೊರೆಗಳು ಹಾಗೇ ಇರುತ್ತವೆ. ಎಲೆಯ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಜೀವಿಗಳು ಮುಂದೆ ಮರಿಗಳಿಗೆ ಊಟ.

ಗಿಡಗಳಿಗೆ ತುಂಬ ತಲೆ ಕೆಡಿಸಿಕೊಳ್ಳಬೇಡಿ. ಜಾವಾ ಫರ್ನ್, ಅನೂಬಿಯಾಸ್, ಒಂದು ಹಿಡಿ ಜಾವಾ ಮಾಸ್ ಸಾಕು. ಮೇಲೆ ಅಂತರಗಂಗೆ ತೇಲಿಬಿಟ್ಟರೆ ಬೆಳಕು ಹದವಾಗುತ್ತದೆ. ಕೆರೆಯಿಂದ ತಂದದ್ದಾದರೆ ವಾರಗಟ್ಟಲೆ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ. ಅದರ ಬೇರಿನಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳ ಇದ್ದರೆ ನಿಮ್ಮ ಮೀನಿನ ಮರಿ ಒಂದೂ ಉಳಿಯುವುದಿಲ್ಲ.

ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಟ್ಯಾಂಕ್ ತಯಾರಾಗಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಆಮ್ಲೀಯ ನೀರಿನಲ್ಲಿ ಇನ್ನೂ ತಡವಾದರೂ ಆಗಬಹುದು. ಗುರುತಿನವರ ಹಳೆಯ ಟ್ಯಾಂಕಿನ ಸ್ಪಾಂಜನ್ನು ನಿಮ್ಮ ಟ್ಯಾಂಕಿನಲ್ಲಿ ಹಿಂಡಿದರೆ ಬೇಗ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ಮೀನು ತರಬೇಡಿ.

ಗೆರಟೆಯ ಮನೆ

ಅಪಿಸ್ಟೋ ಹೆಣ್ಣು ಮೊಟ್ಟೆ ಇಡುವುದು ಗುಹೆಯ ಚಾವಣಿಗೆ. ನಮ್ಮ ಮನೆಯಲ್ಲಿ ಗುಹೆಗೆ ಬರವೇ? ಕಾಯಿ ತುರಿದು ಮುಗಿದ ಗೆರಟೆ ತೆಗೆದುಕೊಳ್ಳಿ. ಒಳಗೆ ಬಿಳಿ ಚೂರು ಒಂದೂ ಉಳಿಯದ ಹಾಗೆ ಕೆರೆಯಿರಿ, ಉಳಿದರೆ ಎಣ್ಣೆ ಬಿಟ್ಟು ನೀರಿನ ಮೇಲೆ ಪೊರೆ ಕಟ್ಟುತ್ತದೆ. ಹೊರಗಿನ ನಾರೂ ಹೋಗಲಿ. ನೀರು ಬದಲಿಸುತ್ತಾ ಮೂರು ಸಲ ಕುದಿಸಿ, ಮೇಲೆ ಒಂದು ವಾರ ನೆನೆಹಾಕಿ.

ಬಾಗಿಲು ಎಷ್ಟು ದೊಡ್ಡದಿರಬೇಕು ಅನ್ನುವುದರಲ್ಲಿ ಗುಟ್ಟಿದೆ. ಹೆಣ್ಣು ನುಗ್ಗಬೇಕು, ಗಂಡಿಗೆ ಕಷ್ಟವಾಗಬೇಕು. ಅಂಚಿನಲ್ಲಿ ಎರಡು ಸೆಂಟಿಮೀಟರಿನ ಆಸುಪಾಸು ಒಂದು ಕಮಾನು ಗರಗಸದಲ್ಲಿ ಕೊಯ್ದು, ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿ, ಬೋರಲು ಹಾಕಿ. ಬಾಗಿಲು ಕೊಂಚ ದೊಡ್ಡದಾದರೆ ಹೆಣ್ಣೇ ಮರಳು ಹೊತ್ತು ತಂದು ಕಿರಿದು ಮಾಡಿಕೊಳ್ಳುತ್ತದೆ. ಒಂದು ಹೆಣ್ಣಿಗೆ ಎರಡು ಗೆರಟೆಯಾದರೂ ಇಡಿ, ಅದಕ್ಕೂ ಆಯ್ಕೆ ಬೇಕು. ನಡುವೆ ಒಂದು ಕಲ್ಲೋ ಮರದ ತುಂಡೋ ಅಡ್ಡ ಇರಲಿ. ಒಬ್ಬರ ಕಣ್ಣಿಗೆ ಒಬ್ಬರು ಸದಾ ಬೀಳುತ್ತಿದ್ದರೆ ಜಗಳ ನಿಲ್ಲುವುದಿಲ್ಲ.

ಜೋಡಿ ಆರಿಸುವುದು

ದೇಶದ ಅಲಂಕಾರಿಕ ಮೀನಿನ ದೊಡ್ಡ ಪೇಟೆಗಳಲ್ಲಿ ಚೆನ್ನೈನ ಕೊಳತ್ತೂರು ಒಂದು. ಅಂಥ ಕಡೆಯಿಂದ ಮೀನು ರಾತ್ರಿಯಿಡೀ ಚೀಲದಲ್ಲಿ ಪ್ರಯಾಣ ಮಾಡಿ ನಮ್ಮ ಅಂಗಡಿ ಸೇರುತ್ತದೆ. ಬಂದ ದಿನವೇ ಕೊಳ್ಳಬೇಡಿ, ಒಂದು ವಾರ ಅಂಗಡಿಯಲ್ಲೇ ಇರಲಿ. ಉಳಿದದ್ದರಲ್ಲಿ ಹೊಟ್ಟೆ ಒಳಸೇರಿದ್ದು, ಬಿಳಿ ದಾರದಂಥ ಹೇಲು ಹಾಕುವುದು, ಮೂಲೆ ಹಿಡಿದು ನಿಂತದ್ದು ಬಿಟ್ಟು ಆರಿಸಿ. ಅಂಗಡಿಯವರಿಗೆ ಊಟ ಹಾಕಲು ಹೇಳಿ. ಓಡಿ ಬಂದು ತಿನ್ನುವ ಮೀನೇ ನಿಮಗೆ ಬೇಕಾದದ್ದು.

ಕಾಕಟೂ ಗಂಡನ್ನು ಗುರುತಿಸುವುದು ಸುಲಭ: ಜುಟ್ಟು, ಬಾಲದಲ್ಲಿ ಕೆಂಪು-ಕಿತ್ತಳೆ ಮಚ್ಚೆ. ಹೆಣ್ಣು ಗಿಡ್ಡ, ರೆಕ್ಕೆ ದುಂಡು, ಹೊಟ್ಟೆಯಡಿಯ ರೆಕ್ಕೆಯ ಮುಂದಿನ ಅಂಚು ಕಪ್ಪು. ಆದರೆ ದೊಡ್ಡ ಗಂಡಿನ ಎದುರು ಬಣ್ಣ ಅಡಗಿಸಿಕೊಂಡು ಹೆಣ್ಣಿನಂತೆ ಓಡಾಡುವ ಕಳ್ಳ ಗಂಡುಗಳೂ ಇರುತ್ತವೆ. ಅನುಕೂಲವಿದ್ದರೆ ಎಳೆಯವು ಐದಾರು ತಂದು ಜೊತೆಗೆ ಬೆಳೆಸಿ, ಅವೇ ಜೋಡಿ ಕಟ್ಟಿಕೊಳ್ಳಲಿ. ತಂದ ಮೀನನ್ನು ಎರಡು ಮೂರು ವಾರ ಬೇರೆ ಡಬ್ಬದಲ್ಲಿ ಇಟ್ಟು ನೋಡುವುದನ್ನು ತಪ್ಪಿಸಬೇಡಿ.

ಜೊತೆಗೆ ಆರೆಂಟು ಎಂಬರ್ ಟೆಟ್ರಾ ಅಥವಾ ಪೆನ್ಸಿಲ್ ಫಿಶ್ ಬಿಡಿ. ಮೇಲೆ ಸಣ್ಣ ಮೀನು ನಿರ್ಭಯವಾಗಿ ಓಡಾಡುವುದನ್ನು ಕಂಡರೆ ಕೆಳಗಿನವಕ್ಕೂ ಧೈರ್ಯ. ತಳದಲ್ಲಿ ಓಡಾಡುವ ಕೋರಿಡೋರಾಸ್ ಮೀನು ಬೇಡ, ರಾತ್ರಿ ಮೊಟ್ಟೆ ಹುಡುಕಿ ತಿನ್ನುತ್ತದೆ.

ಮೊಟ್ಟೆಗೆ ತಯಾರು ಮಾಡಲು ಎರಡು ವಾರ ಚೆನ್ನಾಗಿ ತಿನ್ನಿಸಿ: ಫ್ರೋಜನ್ ಬ್ಲಡ್‌ವರ್ಮ್, ಡಾಫ್ನಿಯಾ, ಆರ್ಟೀಮಿಯಾ (ಎರಡೂ ಸಿಗಡಿಯಂಥ ಪುಟ್ಟ ನೀರು ಜೀವಿಗಳು), ನಡುವೆ ಮುಳುಗುವ ಸಣ್ಣ ಪೆಲೆಟ್. ಚರಂಡಿಯಿಂದ ಬಂದ ಟ್ಯೂಬಿಫೆಕ್ಸ್ ಹುಳ ಬೇಡ. ಸೊಳ್ಳೆ ಮರಿ ಒಳ್ಳೆಯ ಊಟ ಹೌದು, ಆದರೆ ಅದಕ್ಕೆಂದು ಬಕೆಟ್ ತೆರೆದಿಡಬೇಡಿ. ಮಲೇರಿಯಾ, ಡೆಂಗಿ ಇರುವ ಊರು ನಮ್ಮದು, ಪಕ್ಕದ ಮನೆಯವರ ಬೈಗುಳ ಬೇರೆ. ವಾರಕ್ಕೆರಡು ಸಲ ಕಾಲು ಭಾಗ ನೀರು ಬದಲಿಸಿ, ಹೊಸ ನೀರು ಒಂದೆರಡು ಡಿಗ್ರಿ ತಣ್ಣಗಿರಲಿ. ಮಳೆ ಬಂತು ಅಂತ ಮೀನಿಗೆ ತಿಳಿಯುವುದು ಹೀಗೆ.

ಹಳದಿ ಸೀರೆ ಉಟ್ಟ ದಿನ

ಒಂದು ಬೆಳಿಗ್ಗೆ ನೋಡಿದರೆ ಮಂಕಾಗಿದ್ದ ಹೆಣ್ಣು ಅರಿಸಿನ ಬಣ್ಣಕ್ಕೆ ತಿರುಗಿರುತ್ತದೆ. ಮೈಮೇಲೆ ಒಂದು ಕಪ್ಪು ಮಚ್ಚೆ, ಕಣ್ಣಿನ ಕೆಳಗೆ ಕಪ್ಪು ಗೆರೆ. ಗಂಡಿನ ಮುಂದೆ ಮೈ ಬಾಗಿಸಿ, ಬಾಲ ನಡುಗಿಸಿ ಗೆರಟೆ ಕಡೆಗೆ ಕರೆಯುತ್ತದೆ. ಆಮೇಲೆ ಒಳಗೆ ಹೋಗಿ ತಲೆಕೆಳಗಾಗಿ ಚಾವಣಿಗೆ ಮೊಟ್ಟೆ ಅಂಟಿಸುತ್ತದೆ. ಸಾಮಾನ್ಯವಾಗಿ 50ರಿಂದ 100, ಕೆಂಪು ಛಾಯೆಯವು. ಹೆಣ್ಣು ಹೊರಗೆ ಬರುವುದು ಕಡಿಮೆಯಾಗಿ, ಬಂದರೂ ಗಂಡನ್ನು ಅಟ್ಟಿ ವಾಪಸ್ ಓಡಿದರೆ ಮೊಟ್ಟೆ ಇದೆ ಅಂತಲೇ ಲೆಕ್ಕ. ಗೆರಟೆ ಎತ್ತಿ ನೋಡಬೇಡಿ.

ತನ್ನ ಅರ್ಧದಷ್ಟಿರುವ ಹೆಣ್ಣಿನಿಂದ ಗಂಡು ಏಟು ತಿನ್ನುವುದು ಈಗ. ಎರಡಡಿ ಟ್ಯಾಂಕಿನಲ್ಲಿ ಅದು ಮೇಲಿನ ಮೂಲೆಗೆ ಸೇರಿಕೊಂಡು ರೆಕ್ಕೆ ಮಡಚಿ ನಿಂತರೆ, ಬೇರೆ ಟ್ಯಾಂಕಿಗೆ ಹಾಕಿ. ಮರಿ ಸಾಕಲು ಅದರ ಅಗತ್ಯವಿಲ್ಲ.

ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿಗಳು ಆಗಿನ್ನೂ ಈಜುವುದಿಲ್ಲ, ಒಂದು ಗುಂಪಾಗಿ ಬಾಲ ಅಲುಗಿಸುತ್ತಾ ಬಿದ್ದಿರುತ್ತವೆ. ತಾಯಿ ಅವನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಹೊಸಬರು ಇದನ್ನು ಕಂಡು ಮರಿ ತಿಂದಿತು ಅಂತ ಗಾಬರಿಯಾಗುವುದು ಸಹಜ. ಮೊಟ್ಟೆ ಇಟ್ಟು ವಾರ ಕಳೆಯುವ ಹೊತ್ತಿಗೆ ಮರಿಗಳು ತಾಯಿಯ ಸುತ್ತ ಈಜಲು ಶುರು ಮಾಡುತ್ತವೆ.

ಆಮೇಲಿನದ್ದನ್ನು ಕುರ್ಚಿ ಹಾಕಿಕೊಂಡು ನೋಡಬೇಕು. ತಾಯಿ ಮೈ ಒಮ್ಮೆ ಜುಂ ಅನ್ನಿಸಿದರೆ ಇಡೀ ಹಿಂಡು ಎಲೆಯ ಮೇಲೆ ಕೂತು ಅಲ್ಲಾಡುವುದಿಲ್ಲ. ಅಪಾಯ ಕಳೆದ ಮೇಲೆ ನಿಧಾನಕ್ಕೆ ಮುಂದೆ ಹೋದರೆ ಹಿಂದೆಯೇ ಏಳುತ್ತವೆ. ಸಂಜೆ ಬೆಳಕು ಇಳಿದಂತೆ ಚದುರಿದವನ್ನು ಬಾಯಲ್ಲಿ ಆಯ್ದು ಗೆರಟೆಯೊಳಗೆ ಉಗುಳುತ್ತದೆ. ಆದ್ದರಿಂದ ಎಲ್ಲ ಲೈಟನ್ನೂ ಫಕ್ಕನೆ ಆರಿಸಬೇಡಿ. ಮೊದಲು ಟ್ಯಾಂಕಿನದ್ದನ್ನು ಆರಿಸಿ, ಕೋಣೆಯ ಲೈಟ್ ಅರ್ಧ ಗಂಟೆ ಉರಿಯಲಿ, ಅಷ್ಟರಲ್ಲಿ ತಾಯಿಯ ಕೆಲಸ ಮುಗಿಯುತ್ತದೆ.

ಮೊದಲ ಸಲ ಹೆಣ್ಣು ಮೊಟ್ಟೆ ತಿಂದರೆ ಬೇಸರ ಬೇಡ, ಎಳೆಯ ಹೆಣ್ಣುಗಳು ಹಾಗೆ ಮಾಡುತ್ತವೆ. ಎರಡು ಮೂರು ವಾರದಲ್ಲಿ ಮತ್ತೆ ಇಡುತ್ತದೆ. ಪ್ರತಿ ಸಲವೂ ಮೊಟ್ಟೆಗಳು ಬಿಳಿಯಾಗಿ ಬೂಸ್ಟು ಹಿಡಿದರೆ ಗಂಡನ್ನೋ ನೀರಿನ ಗಡಸನ್ನೋ ಅನುಮಾನಿಸಿ.

ಮರಿಗಳ ಊಟ

ಈಜಲು ಶುರುವಾದ ದಿನವೇ ಅಪಿಸ್ಟೋ ಮರಿ ಆಗಷ್ಟೇ ಒಡೆದ ಆರ್ಟೀಮಿಯಾ ತಿನ್ನಬಲ್ಲದು. ಒಂದು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಬೋರಲು ನಿಲ್ಲಿಸಿ. ಒಂದು ಲೀಟರ್ ನೀರಿಗೆ 25 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು, ಕಾಲು ಟೀ ಚಮಚ ಆರ್ಟೀಮಿಯಾ ಮೊಟ್ಟೆ. ನಮ್ಮ ಮೆದು ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಲೇಬೇಕು. ಪಿಎಚ್ 8ರ ಹತ್ತಿರ ಇಲ್ಲದಿದ್ದರೆ ಅರ್ಧದಷ್ಟು ಒಡೆಯುವುದೇ ಇಲ್ಲ, ನಾವು ಡಬ್ಬದವರನ್ನು ಬೈಯುತ್ತೇವೆ. ಜೋರಾಗಿ ಗಾಳಿ ಕೊಟ್ಟು, ಮೇಲೊಂದು ಬಲ್ಬ್ ಉರಿಸಿದರೆ 24 ಗಂಟೆಯಲ್ಲಿ ತಯಾರು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ನಳಿಕೆಯಿಂದ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿ ನೀರಿನಲ್ಲಿ ತೊಳೆದು, ಡ್ರಾಪರಿನಲ್ಲಿ ಮರಿಗಳ ಗುಂಪಿನ ಹತ್ತಿರ ಬಿಡಿ. ಐದು ನಿಮಿಷದಲ್ಲಿ ಮರಿಗಳ ಹೊಟ್ಟೆ ಕಿತ್ತಳೆಯಾದರೆ ಊಟ ಆಯಿತು.

ಆರ್ಟೀಮಿಯಾ ಡಬ್ಬ ಒಮ್ಮೆ ತೆರೆದರೆ ನಮ್ಮ ಮಳೆಗಾಲದ ತೇವಕ್ಕೆ ಬೇಗ ಕೆಡುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಪೊಟ್ಟಣದ ಜೊತೆ ಫ್ರಿಜ್ಜಿನಲ್ಲಿಡಿ. ಕೈಯಲ್ಲಿ ಮೈಕ್ರೋವರ್ಮ್ ಅನ್ನುವ ಸಣ್ಣ ಹುಳ ಕೂಡ ಇರಲಿ, ಓಟ್ಸ್ ಗಂಜಿಯಲ್ಲಿ ಸುಲಭವಾಗಿ ಬೆಳೆಯುತ್ತದೆ. ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ, ಏರ್ ಟ್ಯೂಬಿನಿಂದ ತಳದ ಕಸ ಎಳೆದು ಹತ್ತರಲ್ಲಿ ಒಂದು ಭಾಗ ನೀರು ಬದಲಿಸಿ.

ಸೆಕೆ ಮತ್ತು ಗಂಡು-ಹೆಣ್ಣಿನ ಲೆಕ್ಕ

1996ರಲ್ಲಿ ಜರ್ಮನಿಯ ಊವೆ ರೋಮರ್, ವೋಲ್ಫ್‌ಗಾಂಗ್ ಬೈಸೆನ್‌ಹರ್ಟ್ಸ್ ಎಂಬ ಸಂಶೋಧಕರು ಅಪಿಸ್ಟೋ ಮರಿಗಳನ್ನು 23, 26, 29 ಡಿಗ್ರಿಗಳಲ್ಲಿ ಬೆಳೆಸಿ ನೋಡಿದರು. 30ಕ್ಕೂ ಹೆಚ್ಚು ಜಾತಿಗಳಲ್ಲಿ ಬಿಸಿ ಏರಿದಂತೆ ಗಂಡುಗಳ ಪಾಲು ಏರಿತು. ಕೆಲವು ಜಾತಿಗಳಲ್ಲಿ ಪಿಎಚ್ ಕೂಡ ಕೈಯಾಡಿಸಿತ್ತು. ಮೇ ತಿಂಗಳಲ್ಲಿ ಮರಿ ಮಾಡಿಸಿದರೆ ಏನಾಗುತ್ತದೆ ಗೊತ್ತಾಯಿತಲ್ವಾ? ಕಣ್ಣಿಗೆ ಹಬ್ಬದಂಥ ಗಂಡುಗಳ ಹಿಂಡು, ಮುಂದಿನ ತಲೆಮಾರಿಗೆ ಹೆಣ್ಣಿಲ್ಲ. ಮೊದಲ ಒಂದೂವರೆ ತಿಂಗಳು ನೀರು 26ರ ಆಸುಪಾಸು ಇರುವ ಹಾಗೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಅದು ತಾನಾಗಿಯೇ ಆಗುತ್ತದೆ. ಡಿಸೆಂಬರ್-ಜನವರಿಯ ರಾತ್ರಿಗಳೂ ಪರವಾಗಿಲ್ಲ.

ಬೇಸಿಗೆಯಲ್ಲಿ ಕಂಪ್ಯೂಟರ್ ಫ್ಯಾನ್ ಇಟ್ಟು ನೀರಿನ ಮೇಲೆ ಗಾಳಿ ಹಾಯಿಸುವವರಿದ್ದಾರೆ. ಒಣ ಹವೆಯ ಊರಿನಲ್ಲಿ ಅದು ಮೂರು ನಾಲ್ಕು ಡಿಗ್ರಿ ಇಳಿಸೀತು. ನಮ್ಮ ಬೆವರುವ ಹವೆಯಲ್ಲಿ ನೀರು ಆವಿಯಾಗುವುದೇ ನಿಧಾನ, ಒಂದೆರಡು ಡಿಗ್ರಿ ಇಳಿದರೆ ಪುಣ್ಯ. ಆ ಎರಡು ತಿಂಗಳು ಗೆರಟೆ ಹೊರಗೆ ತೆಗೆದು, ಊಟ ಕಡಿಮೆ ಮಾಡಿ, ಗಾಳಿ ಜಾಸ್ತಿ ಕೊಟ್ಟು ಸುಮ್ನೆ ಬಿಡಿ.

ರಾಮ್ ಬೇಕೇ ಬೇಕು ಅನ್ನುವವರಿಗೆ

ವಿಚಿತ್ರ ಅಂದರೆ ಸೆಕೆಗೆ ಹೊಂದುವುದು ಇದೇ. ವೆನೆಜುವೆಲಾ, ಕೊಲಂಬಿಯಾದ ಹುಲ್ಲುಗಾವಲು ಬಯಲಿನ ಮೀನಿದು, 28-30 ಡಿಗ್ರಿ ಇದಕ್ಕೆ ಹಿತ. ತೊಂದರೆ ಇರುವುದು ತಳಿಯಲ್ಲಿ. ಬಣ್ಣಕ್ಕೆಂದು ಹಾರ್ಮೋನ್ ಕೊಟ್ಟು ಬೆಳೆಸಿದ ಮೀನುಗಳು ಅಂಗಡಿಗೆ ಬರುತ್ತವೆ, ತಿಂಗಳೊಳಗೆ ಸಾಯುತ್ತವೆ, ಬದುಕಿದರೂ ಮೊಟ್ಟೆ ಫಲಿಸುವುದಿಲ್ಲ. ಗುಂಡಗಿನ ಬಲೂನ್ ರಾಮ್ ಅಂತೂ ಮುಟ್ಟಬೇಡಿ. ಊರಿನಲ್ಲೇ ಮರಿ ಮಾಡಿದವರಿಂದ ಸಿಕ್ಕರೆ ಮಾತ್ರ ತನ್ನಿ. ಹೆಣ್ಣಿನ ಹೊಟ್ಟೆ ಗುಲಾಬಿ ಬಣ್ಣ. ಇವಕ್ಕೆ ಗುಹೆ ಬೇಡ, ಚಪ್ಪಟೆ ಕಲ್ಲು ಸಾಕು. ತಂದೆ ತಾಯಿ ಇಬ್ಬರೂ ಮರಿ ಕಾಯುತ್ತಾರೆ. ಮರಿಗಳು ಅಪಿಸ್ಟೋ ಮರಿಗಿಂತ ಸಣ್ಣವು, ಮೊದಲ ಕೆಲವು ದಿನ ಇನ್ಫ್ಯುಸೋರಿಯಾ, ಅಂದರೆ ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಬೇಕು.

ಮರಿ ಹಂಚುವಾಗ

ಮೂರು ನಾಲ್ಕು ವಾರದಲ್ಲಿ ತಾಯಿ ಮತ್ತೆ ಹಳದಿಯಾಗಿ ಹಳೆಯ ಮರಿಗಳನ್ನೇ ಅಟ್ಟತೊಡಗುತ್ತದೆ. ಆಗ ಅವನ್ನು ಬೇರೆ ಟ್ಯಾಂಕಿಗೆ ಸಾಗಿಸಿ. ಮೂರು ತಿಂಗಳ ಹೊತ್ತಿಗೆ ಗಂಡು-ಹೆಣ್ಣು ಗೊತ್ತಾಗುತ್ತದೆ. ಒಳ್ಳೆಯ ಎರಡು ಮೂರು ಹೆಣ್ಣು ಇಟ್ಟುಕೊಂಡು, ಗಂಡನ್ನು ಬೇರೆಯವರ ಜೊತೆ ಬದಲಿಸಿಕೊಳ್ಳಿ. ಒಡಹುಟ್ಟಿದವನ್ನೇ ತಲೆತಲಾಂತರ ಕೂಡಿಸಿದರೆ ತಳಿ ಕೆಡುತ್ತದೆ. ಹೆಚ್ಚಾದವನ್ನು ಹೊಳೆಗೋ ಕೆರೆಗೋ ಬಿಡುವ ಯೋಚನೆ ಮಾತ್ರ ಬೇಡ. ಟಿಲಾಪಿಯಾ ಕೂಡ ಹೊರಗಿನಿಂದ ಬಂದ ಸಿಕ್ಲಿಡ್ಡೇ, ಅದು ನಮ್ಮ ನೀರಿಗೆ ಮಾಡಿದ್ದು ಸಾಕು.

ಕುಂದಾಪುರದ ಗೆಳೆಯರಿಗೆ ಬಸ್ಸಿನಲ್ಲಿ ಕೊಂಡೊಯ್ಯುವುದಾದರೆ ಹಿಂದಿನ ದಿನ ಊಟ ಹಾಕಬೇಡಿ. ಚೀಲದಲ್ಲಿ ಮೂರರಲ್ಲೊಂದು ಪಾಲು ನೀರು, ಉಳಿದದ್ದು ಗಾಳಿ. ಒಂದು ಚೀಲಕ್ಕೆ ಒಂದೇ ಗಂಡು. ನ್ಯೂಸ್‌ಪೇಪರಿನಲ್ಲಿ ಸುತ್ತಿ ಬೆಳಕು ತಾಗದ ಹಾಗೆ ಇಡಿ, ಇಂಜಿನ್ ಹತ್ತಿರದ ಸೀಟು ಬಿಟ್ಟು ಕೂರಿ. ಅಲ್ಲಿಯ ಬಾವಿಯ ಟಿಡಿಎಸ್ ಎಷ್ಟು ಅಂತ ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.